ಅರ್ಧ ನಾಲಿಗೆಯ ಜಗಳ

ನಾಲಿಗೆಯ ಎಡಬದಿಯಲ್ಲಿ ಒಂದು ಹುಣ್ಣು. ಸಾರಿನ ಖಾರ ತಗುಲಿದರೆ ಕಿವಿವರೆಗೂ ಉರಿ. ಹೊಗೆಸೊಪ್ಪನ್ನು ಆ ದವಡೆ ಬಿಟ್ಟು ಈ ದವಡೆಗೆ ಹಾಕಿಕೊಂಡೆ. ಹುಣ್ಣು ಮಾಯಲಿಲ್ಲ. ಗುಂಡ್ಲುಪೇಟೆಯ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಬಯಾಪ್ಸಿ.

ಕ್ಯಾನ್ಸರ್.

ಅರ್ಧ ನಾಲಿಗೆ ತೆಗೆಯಬೇಕು ಎಂದರು. ಸಾಯುವುದಕ್ಕೆ ನನಗೆ ಭಯವಿರಲಿಲ್ಲ. ಬಾಯಿಲ್ಲದೆ ಬದುಕುವುದಕ್ಕೆ ಇತ್ತು. ಗಂಡ ಸತ್ತ ಮೇಲೆ ಬೇಗೂರಿನಿಂದ ಎರಡು ಬಸ್ಸು ಹತ್ತಿ ಹೋಗಿ, ಸಂತೆಮರಹಳ್ಳಿ ಸಂತೆಯಲ್ಲಿ ಬೆಳ್ಳುಳ್ಳಿ ಕೂಗಿ ಮಾರಿ ಮಗನನ್ನು ದೊಡ್ಡವನು ಮಾಡಿದ ಬಾಯಿ ಅದು.

ಆಪರೇಷನ್ ಆಯಿತು. ಮೂಗಿನ ನಳಿಕೆಯಲ್ಲಿ ಗಂಜಿ. ಆಮೇಲೆ ರೇಡಿಯೇಷನ್. ಉಗುಳು ನುಂಗುವುದನ್ನೂ ಹೊಸದಾಗಿ ಕಲಿತೆ, ಈ ವಯಸ್ಸಿನಲ್ಲಿ.

ಮಾತು ಕಲಿಸುವ ಹುಡುಗಿ, ಸ್ಪೀಚ್ ಥೆರಪಿಯವಳು, "ಅಮ್ಮ, ಹಸು, ತಟ್ಟೆ ಅಂತ ದಿನಾ ಹೇಳಿ ಅಜ್ಜಿ" ಎಂದಳು. ಸಂತೆಯಲ್ಲಿ ಹಸು ತಟ್ಟೆ ಅಂತ ಯಾರು ಕೂಗುತ್ತಾರೆ? ಮನೆಗೆ ಬಂದು ಹಿತ್ತಲಲ್ಲಿ ಕೋಳಿಗಳ ಮುಂದೆ ಕೂತು ಬೈಯತೊಡಗಿದೆ. ಒಂದು ಬೈಗುಳ ನೆಟ್ಟಗೆ ಬಂದರೆ ಮರುದಿನ ಅದಕ್ಕಿಂತ ಗಟ್ಟಿಯದು.

ಸೊಸೆ ಮಂಜುಳಾ ಒಲೆ ಮುಂದಿನಿಂದಲೇ, "ಸುಮ್ನೆ ಕೂತ್ಕೊಳವ್ವೋ, ಮಾತಾಡಿ ಇನ್ಯಾವ ರಾಜ್ಯ ಆಳ್ಬೇಕು?" ಎನ್ನುತ್ತಿದ್ದಳು. ಅವಳಿಗೂ ಒಂದು ಬೈಗುಳ ಕೊಟ್ಟೆ. ಏನಂದೆನೆಂದು ಅವಳಿಗೆ ತಿಳಿಯಲಿಲ್ಲ. ಮರುದಿನ ಮತ್ತೆ ಕೂತೆ.

ಮುಂದಿನ ಸಲ ಆಸ್ಪತ್ರೆಯಲ್ಲಿ ಆ ಹುಡುಗಿಯ ಮುಂದೆ ಒಂದನ್ನು ಒಪ್ಪಿಸಿದೆ. ಬಾಯಿ ಮುಚ್ಚಿಕೊಂಡು ನಕ್ಕಳು. "ಅಜ್ಜಿ, 'ರ' ಚೆನ್ನಾಗಿ ಬಂತು. ಇದನ್ನೇ ಮಾಡಿ."

ಊರವರದೇ ಕಾಟ. ನಾನು ಏನಂದರೂ ತಲೆಯಾಡಿಸಿ "ಹೂಂ ಕಣವ್ವ, ಹೂಂ" ಎನ್ನುವರು. ನನ್ನ ಮಾತು ತಲುಪಿತೋ ಇಲ್ಲವೋ ಹೇಗೆ ತಿಳಿಯಬೇಕು? ಆ ಹೂಂ ಕೇಳಿದರೆ ಮೈ ಉರಿಯುತ್ತಿತ್ತು.

ಮಗ ಬೇಡವೆಂದರೂ ಸಂತೆಗೆ ಹೋದೆ. ನನ್ನ ಜಾಗದಲ್ಲಿ ಪಕ್ಕದಲ್ಲಿ ಕೂರುವ ಮಹದೇವಮ್ಮ ಈರುಳ್ಳಿ ಮೂಟೆ ಹರವಿಕೊಂಡಿದ್ದಳು. ಇಪ್ಪತ್ತು ವರ್ಷ ಅವಳೂ ನಾನೂ ಕಚ್ಚಾಡಿದ್ದೇವೆ. ಈಗ ಅವಳೂ ಕಣ್ಣಲ್ಲಿ ನೀರು ತಂದುಕೊಂಡು, "ಪಾಪ, ಇಲ್ಲೇ ಮೂಲೇಲಿ ಕೂತ್ಕೊ ಕಣಕ್ಕ" ಎಂದಳು.

ಪಾಪ!

ಕೋಳಿಗಳ ಮುಂದೆ ಪಳಗಿಸಿದ್ದನ್ನು ಬಿಟ್ಟೆ. "ಮೂಟೆ ಎತ್ತೇ ಮೂದೇವಿ. ಇಲ್ದಿದ್ರೆ ನಿನ್ನೂ ತೂಗಿ ಮಾರ್ಬುಡ್ತೀನಿ."

ಅವಳ ಕಣ್ಣೀರು ಅಲ್ಲೇ ಇಂಗಿತು. ಸೆರಗು ಸಿಕ್ಕಿಸಿಕೊಂಡು ಎದ್ದಳು. "ನನ್ನ ಮಾರ್ತೀಯೇನೇ? ಅರ್ಧ ನಾಲ್ಗೆ ಕೊಯ್ಸ್ಕೊಂಡ್ ಬಂದ್ರೂ ಕೊಬ್ಬು ಇಳೀಲಿಲ್ವಲ್ಲೇ ನಿಂಗೆ!"

ಒಂದು ಮಾತೂ ಬಿಡದೆ ತಲುಪಿತ್ತು.

ಬೈಯುತ್ತಲೇ ಮೂಟೆ ಎಳೆದುಕೊಂಡಳು. ಮಧ್ಯಾಹ್ನ ಟೀ ತರಿಸಿ, ಲೋಟದಿಂದ ಲೋಟಕ್ಕೆ ಎತ್ತಿ ಹುಯ್ದು ಆರಿಸಿ ನನ್ನ ಮುಂದೆ ಕುಕ್ಕಿದಳು. ಬಿಸಿ ನನಗೆ ಆಗದೆಂದು ಯಾರು ಹೇಳಿದ್ದರೋ. ಕುಡಿದೆ.

ಸ್ಕ್ಯಾನ್ ನೋಡಿದ ಡಾಕ್ಟರು "ಸದ್ಯಕ್ಕೆ ಏನೂ ಇಲ್ಲ" ಎಂದಿದ್ದಾರೆ. ಸದ್ಯಕ್ಕೆ ಅಷ್ಟು ಸಾಕು. ಬೆಳ್ಳುಳ್ಳಿ ಅನ್ನುವಾಗ ನಾಲಿಗೆ ಇನ್ನೂ ಜಾರುತ್ತದೆ. ಅದಕ್ಕೇ ಬೆಳಿಗ್ಗೆ ಎದ್ದು ಕೋಳಿಗಳ ಮುಂದೆ ಕೂರುತ್ತೇನೆ. ಮುಂದಿನ ಸಂತೆಗೆ ಮಹದೇವಮ್ಮನಿಗೆ ಹೊಸ ಬೈಗುಳವೊಂದು ಬೇಕು. ಹಳೆಯದಕ್ಕೆ ಅವಳು ಉತ್ತರ ಕಟ್ಟಿಕೊಂಡೇ ಬಂದಿರುತ್ತಾಳೆ.