ಹಲಸಿನಹಣ್ಣು ಕೂತ ಸೀಟು

ಹದಿನೈದನೆಯ ವಯಸ್ಸಿನ ಬೇಸಿಗೆ ರಜದಲ್ಲಿ ನಾನು ಯೇಸುಸ್ವಾಮಿಯ ಸೇವೆ ಮಾಡಿದೆ. ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡೇ ಮಾಡಿದೆ.

ಸಮುದ್ರದ ಆಚೆಯಿಂದ ಒಂದು ಮಿಷನ್ ತಂಡ ಹುಣಸೂರಿಗೆ ಬಂದು ಹೊಳೆದಂಡೆಯ ಬಂಗಲೆಯಲ್ಲಿ ಇಳಿದಿತ್ತು. ಒಬ್ಬ ಪಾದ್ರಿ, ಆತನ ಹೆಂಡತಿ ಡಾಕ್ಟರಮ್ಮ, ಅವರ ಜೊತೆ ನನ್ನ ವಯಸ್ಸಿನ ನಾಲ್ಕು ಹುಡುಗ ಹುಡುಗಿಯರು, ಮೂರು ಚಿಳ್ಳೆಪಿಳ್ಳೆ. ಸುತ್ತಲ ಹಳ್ಳಿಗಳ ಮಕ್ಕಳಿಗೆ ಹಾಡು ಕಲಿಸುವುದು, ಕಜ್ಜಿಗೆ ಮುಲಾಮು ಹಚ್ಚುವುದು, ಸ್ಕೂಲಿನ ಗೋಡೆಗೆ ಸುಣ್ಣ ಹೊಡೆಯುವುದು ಅವರ ಪುಣ್ಯಕಾರ್ಯ. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಇಂಗ್ಲಿಷಿನಲ್ಲಿ ಹೇಗೋ ಪಾಸಾಗಿದ್ದ ನಾನು ಸಂಬಳವಿಲ್ಲದ ದುಭಾಷಿಯಾದೆ. ನಮ್ಮೂರು ಕಟ್ಟೆಮಳಲವಾಡಿಯ ಮಟ್ಟಿಗೆ ಅದು ದಿವಾನಗಿರಿಗಿಂತ ಒಂದು ಗೇಣು ಮೇಲು.

‘ಜಾತಿ ಕೆಟ್ಟು ಬಂದ್ರೆ ಹಟ್ಟಿಯೊಳಕ್ಕೆ ಸೇರ್ಸಕಿಲ್ಲ ಕಣ್ಲಾ’ ಅಂದಳು ನಮ್ಮಜ್ಜಿ.

‘ಜಾತಿ ಎಲ್ಲೂ ಓಗಕಿಲ್ಲ ಕಣಜ್ಜಿ. ಕೆಟ್ರೆ ನಾಲ್ಗೆ ಕೆಡ್ತದೆ ಅಷ್ಟೆ’ ಅಂದೆ.

ಸುಣ್ಣ ಹೊಡೆಯುವ ಕೆಲಸ ಎಂಟು ದಿನ ನಡೆಯಿತು. ನಮ್ಮೂರಿನ ಒಬ್ಬ ಆಳು ಬೆಳಗಿನ ಹೊತ್ತು ಬಂದು ಬಿಸಿಲೇರುವುದರೊಳಗೆ ಮುಗಿಸಿಹೋಗುವ ಗೋಡೆ ಅದು. ಸುಣ್ಣ ಗೋಡೆಗಿಂತ ಅವರಿಗೇ ಹೆಚ್ಚು ಮೆತ್ತಿತು. ಮೊದಲೇ ಬೆಳ್ಳಗಿದ್ದ ಜನ. ಎಲ್ಲಿ ಸುಣ್ಣ, ಎಲ್ಲಿ ಮೈ ಎಂದು ಹೆತ್ತವ್ವನಿಗೂ ಗುರುತು ಸಿಗುತ್ತಿರಲಿಲ್ಲ. ಅವರಲ್ಲೊಬ್ಬ ಉದ್ದನೆಯ ಹುಡುಗ. ನಮ್ಮೂರ ಬಾಗಿಲುಗಳಿಗೆಲ್ಲ ಹಣೆ ಬಡಿಸಿಕೊಳ್ಳುತ್ತಿದ್ದ. ಹಣೆಯ ಬುಗುಟು ನೋಡಿಯೇ ಅವನು ಯಾರ ಮನೆಗೆ ಹೋಗಿಬಂದ ಎಂದು ಹೇಳಬಹುದಾಗಿತ್ತು. ಅವನಿಗೆ ಒಂದು ಮಧ್ಯಾಹ್ನ ಊರ ಯಜಮಾನರ ಜಗಲಿಯಲ್ಲಿ ಮುದ್ದೆ ಬಡಿಸಿದರು. ಮುದ್ದೆ ನುಂಗುವ ಪದಾರ್ಥ, ಹಲ್ಲಿಗೆ ಅದರಲ್ಲಿ ಕೆಲಸವಿಲ್ಲ. ನಾನು ಅವನ ಕಿವಿಯಲ್ಲಿ, ನಲವತ್ತು ಸಲ ಅಗಿಯದೆ ನುಂಗಿದರೆ ಮನೆಯವರಿಗೆ ಅವಮಾನ ಎಂದು ಇಂಗ್ಲಿಷಿನಲ್ಲಿ ಊದಿದೆ. ಪಾಪದವನು ಬೆರಳು ಮಡಚಿ ಎಣಿಸುತ್ತ ಅಗಿದ. ಇಪ್ಪತ್ತಾಗುವಷ್ಟರಲ್ಲಿ ಮೇಲಿನ ದವಡೆ, ಕೆಳಗಿನ ದವಡೆ ಅಂಟಿಕೊಂಡು ಒಂದಾದವು. ಕಣ್ಣಲ್ಲಿ ದಳದಳ ನೀರು.

‘ಇದ್ಯಾಕ್ಲಾ ಇವ್ನು ಎಮ್ಮೆ ಮೆಲ್ಕಾಕ್ದಂಗೆ ಆಕ್ತಾವ್ನೆ?’ ಎಂದು ಯಜಮಾನರು ಕೇಳಿದರು. ಜಗಲಿಗೆ ಜಗಲಿಯೇ ಹೊಟ್ಟೆ ಹಿಡಿದುಕೊಂಡು ಬಿತ್ತು. ಆ ನಗು ಪೂರ್ತಿ ನನ್ನದು, ನಾನು ದುಡಿದದ್ದು.

ಇನ್ನೊಂದು ತಮಾಷೆಯನ್ನು ನಾನು ಹೆಣೆಯಬೇಕಾಗಿರಲಿಲ್ಲ, ಅದು ತಾನಾಗಿಯೇ ನಡೆಯುತ್ತಿತ್ತು. ನಮ್ಮಲ್ಲಿ ಯಾರೇ ಏನೇ ಕೊಟ್ಟರೂ ಮೊದಲ ಸಲಕ್ಕೆ ‘ಬ್ಯಾಡಿ’ ಅನ್ನಬೇಕು. ಎರಡನೆಯ ಸಲಕ್ಕೆ ‘ಅಯ್ಯೋ ಯಾಕ್ ಬುಡಿ’ ಅನ್ನಬೇಕು. ಮೂರನೆಯ ಸಲ ಕೇಳಿದಾಗ ಕೈ ಚಾಚಬೇಕು. ಮೊದಲ ಸಲಕ್ಕೇ ‘ಊಂ’ ಅಂದವನು ಹೊಟ್ಟೆಬಾಕ, ಅವನ ಮನೆಗೆ ಹೆಣ್ಣು ಕೊಡುವವರೂ ಯೋಚಿಸುತ್ತಾರೆ. ಬಂದವರಿಗೆ ಇದು ಗೊತ್ತಿಲ್ಲ. ಅವರು ಬಿಸ್ಕತ್ತಿನ ಡಬ್ಬಿ ಚಾಚುತ್ತಾರೆ, ಯಜಮಾನರು ‘ಬ್ಯಾಡಿ’ ಅನ್ನುತ್ತಾರೆ, ಡಬ್ಬಿ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಡಬ್ಬಿಯನ್ನು ಯಜಮಾನರು ನೋಡುತ್ತಿದ್ದ ನೋಟ, ನನ್ನಾಣೆ, ಡಬ್ಬಿಗೆ ತೂತು ಬೀಳಬೇಕಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಡಾಕ್ಟರಮ್ಮ ತಿದ್ದಿಕೊಳ್ಳುತ್ತಿದ್ದಳು. ನಾನು ಹೇಳಲಿಲ್ಲ. ನಿತ್ಯ ನಡೆಯುವ ನಾಟಕವನ್ನು ಯಾರಾದರೂ ನಿಲ್ಲಿಸುತ್ತಾರೆಯೇ?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬಳು ಗಂಡ ಸತ್ತ ಹೆಂಗಸು, ಅವಳಿಗೆ ಎಂಟು ವರ್ಷದ ಮಗಳು. ಜ್ವರ ಬಂದು ಮಗುವಿನ ಎಡಗಾಲು ಒಣಗಿದ ಜೋಳದ ದಂಟಿನ ಹಾಗಾಗಿತ್ತು. ಅಂಡೂರಿಕೊಂಡು, ಕೈ ಊರಿಕೊಂಡು ತೆವಳುತ್ತಿದ್ದಳು. ಕಾಲಿನ ಬಲವೆಲ್ಲ ನಾಲಿಗೆಗೆ ಇಳಿದಿತ್ತೇನೋ. ನಾನು ಡಾಕ್ಟರಮ್ಮನ ಜೊತೆ ಮಾತಾಡುವುದನ್ನು ನೋಡಿ, ಒಂದು ಸಂಜೆ ಜಗಲಿಯ ಮುಂದೆ ಮೂಗು ಹಿಡಿದುಕೊಂಡು ‘ಯಸ್ ಮೇಡಂ, ನೋ ಮೇಡಂ, ಥ್ಯಾಂಕ್ಯೂ ಮೇಡಂ’ ಅಂದಳು. ನನ್ನದೇ ದನಿ, ನನ್ನದೇ ಕತ್ತಿನ ಕೊಂಕು. ನನಗೆ ಬಿದ್ದಿದ್ದ ನಗುವೆಲ್ಲ ಗಂಟುಮೂಟೆ ಕಟ್ಟಿಕೊಂಡು ಅವಳ ಕಡೆ ಹೋಯಿತು. ನಾನೂ ಹಲ್ಲು ಕಿರಿದೆ. ಒಳಗೆ ಮಾತ್ರ ಒಲೆ.

ತಂಡ ಹೊರಡುವ ಹಿಂದಿನ ದಿನ ಡಾಕ್ಟರಮ್ಮ ಆ ಮಗುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಮೈಸೂರಿಗೆ ಅವರ ದೇಶದ ಮೂಳೆ ಡಾಕ್ಟರೊಬ್ಬ ಬಂದಿದ್ದಾನೆ, ಶುಕ್ರವಾರ ಹಡಗಿಗೆ ಹೊರಟುಬಿಡುತ್ತಾನೆ. ನರ ಬಿಡಿಸಿ, ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದರೆ ಇವಳು ಕೋಲು ಹಿಡಿದು ನಡೆದಾಳು. ನಾಳೆ ನಮ್ಮ ವ್ಯಾನಿನಲ್ಲಿ ಒಂದು ಸೀಟು ಖಾಲಿ ಇದೆ, ಅವ್ವನ ತೊಡೆಯ ಮೇಲೆ ಮಗು ಕೂರಬಹುದು ಅಂದಳು. ಇದನ್ನು ನಾನು ಅಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ‘ನಾಳೆ ಬಂದು ಕೇಳ್ತಾರಂತೆ, ಯೋಚ್ನೆ ಮಾಡಿರಿ’ ಅಂದೆ.

ಮಾರನೆಯ ಬೆಳಿಗ್ಗೆ ವ್ಯಾನು ಬಂದಾಗ ಆ ಮಗುವಿನ ತಲೆಗೆ ಎಣ್ಣೆ ಸುರಿದು, ಹಣೆಯ ಮೇಲೆ ಹರಿಯುವಷ್ಟು ಸುರಿದು, ಬಾಚಿ ಎರಡು ಜಡೆ ಹಾಕಿದ್ದರು. ಬಾಗಿಲ ಹಿಂದೆ ಒಂದು ಬಟ್ಟೆಯ ಗಂಟು. ಡಾಕ್ಟರಮ್ಮ ಕೇಳಿದಳು, ನಾನು ಹೇಳಿದೆ.

‘ಬ್ಯಾಡಿ ಕಣವ್ವ, ನಿಮ್ಗ್ಯಾಕೆ ನಮ್ಮಿಂದ ತೊಂದ್ರೆ’ ಅಂದಳು ಆ ಹೆಂಗಸು. ಯಜಮಾನರು, ಊರವರು ಸುತ್ತ ನಿಂತಿದ್ದರು.

‘ಶೀ ಸೇಸ್ ನೋ’ ಅಂದೆ ನಾನು.

ಡಾಕ್ಟರಮ್ಮನ ಮುಖ ಇಳಿಯಿತು. ಖಂಡಿತವಾಗಿಯೂ ಬೇಡವೇ, ಕೇಳು ಅಂದಳು. ಕೇಳಿದೆ.

‘ಅಯ್ಯೋ, ನಮ್ಮಂತೋರ್ಗೆ ಯಾಕ್ ಬುಡಿ ಅವೆಲ್ಲ. ಎಂಗೋ ತೆವ್ಳ್ಕಂಡ್ ಇರ್ತಾಳೆ’ ಅಂದಳು. ಅನ್ನುತ್ತಲೇ ಒಂದು ಕೈಯಿಂದ ಮಗುವಿನ ಲಂಗ ಸರಿಮಾಡುತ್ತಿದ್ದಳು.

‘ಶೀ ಸೇಸ್ ನೋ.’

ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ, ಬೇಕಾದರೆ ಬೈಬಲ್ಲು ಮುಟ್ಟಿ ಹೇಳುತ್ತೇನೆ. ಉದ್ದನೆಯ ಹುಡುಗ ಗಂಟಿನ ಕಡೆ ಬೆರಳು ತೋರಿಸಿ ಅದೇನು ಅಂದ. ಒಗೆಯುವ ಬಟ್ಟೆ ಅಂದೆ. ಇದೊಂದು ಸುಳ್ಳು, ಒಪ್ಪಿಕೊಳ್ಳುತ್ತೇನೆ. ಡಾಕ್ಟರಮ್ಮ ಅವ್ವನ ಎರಡೂ ಕೈ ಹಿಡಿದುಕೊಂಡು, ತಾಯಿಯ ತೀರ್ಮಾನ ದೊಡ್ಡದು, ನಾವು ಪ್ರಾರ್ಥನೆ ಮಾಡುತ್ತೇವೆ ಅಂದಳು.

ಆ ಹೆಂಗಸು ಮಗುವನ್ನು ಕಂಕುಳಿಗೆ ಏರಿಸಿ, ಗಂಟು ಎತ್ತಿಕೊಂಡು ವ್ಯಾನಿನ ಬಾಗಿಲವರೆಗೂ ಬಂದಳು. ಮೂರನೆಯ ಸಲದ್ದು ಯಾವತ್ತೂ ಹೊರಡುವ ಬಾಗಿಲಲ್ಲೇ ಕೇಳುವುದಲ್ಲವೇ? ಅಷ್ಟರಲ್ಲಿ ಯಜಮಾನರು ಒಂದು ಹಲಸಿನಹಣ್ಣು ಹೊರಿಸಿಕೊಂಡು ಬಂದರು. ಹೆಚ್ಚು ಹೇಳುವುದಿಲ್ಲ, ಕರುವಿನಷ್ಟಿತ್ತು. ‘ತಕ್ಕಳಿ ಅಮ್ಮಾವ್ರೆ’ ಅಂದರು. ಡಾಕ್ಟರಮ್ಮ ಮೊದಲ ಸಲಕ್ಕೇ ‘ಥ್ಯಾಂಕ್ಯೂ’ ಅಂದುಬಿಟ್ಟಳು. ಊರಿಗೆ ಊರೇ ತುಟಿ ಕಚ್ಚಿತು. ಹಣ್ಣನ್ನು ಖಾಲಿ ಸೀಟಿನ ಮೇಲೆ ಕೂರಿಸಿದರು. ಅದರ ಪಕ್ಕ ಹುಣಸೂರುವರೆಗೆ ನಾನು ಕೂತೆ.

ಬಾಗಿಲು ಮುಚ್ಚುವಾಗ ಆ ಹೆಂಗಸು ನನ್ನನ್ನು ನೋಡಿ, ‘ಏನಂದ್ರಪ್ಪ? ಇನ್ನೊಂದ್ ಸಲ ಕೇಳ್ತಾರಾ?’ ಅಂದಳು.

‘ನೀವೇ ಬ್ಯಾಡ ಅಂದ್ರಲ್ಲಕ್ಕ.’

‘ಬ್ಯಾಡ ಅಂದ್ರೆ ಬ್ಯಾಡ ಅಂತಾನೇನಪ್ಪ?’

ವ್ಯಾನು ಹೊರಟಿತು. ಹಿಂದಿನ ಗಾಜಿನಲ್ಲಿ ಅವಳು ಓಡುವುದು ಸ್ವಲ್ಪ ದೂರ ಕಂಡಿತು, ಆಮೇಲೆ ಬರೀ ದೂಳು ಕಂಡಿತು. ಉದ್ದನೆಯ ಹುಡುಗ ಕೈ ಬೀಸಿ ಟಾಟಾ ಮಾಡಿದ. ಈ ಊರಿನವರ ಪ್ರೀತಿಯನ್ನು ಮರೆಯುವುದಿಲ್ಲ ಅಂದ.

ಅವಳು ಅಲ್ಲಿಗೆ ನಿಲ್ಲಲಿಲ್ಲ. ಮಗುವನ್ನು ಹೊತ್ತುಕೊಂಡು ಹುಣಸೂರಿನ ಬಂಗಲೆಯವರೆಗೆ ನಡೆದಳಂತೆ. ವ್ಯಾನು ಸಾಮಾನು ತುಂಬಿಕೊಂಡು ಆಗಲೇ ಮೈಸೂರ ದಾರಿ ಹಿಡಿದಿತ್ತು. ಗೇಟಿನಲ್ಲಿದ್ದ ತೋಟದ ಮಾಲಿಗೆ, ಅವನು ಏನೂ ಕೇಳುವ ಮುಂಚೆಯೇ, ‘ಊಂ ಕಣಣ್ಣ, ಬತ್ತೀವಿ, ಬತ್ತೀವಿ’ ಅಂದಳಂತೆ. ಮಾಲಿ ನನಗೆ ಹೇಳಿದ. ನಾನು ಜಗಲಿಯ ಮೇಲೆ ಆಡಿ ತೋರಿಸಿದೆ, ಕಂಕುಳಲ್ಲಿ ದಿಂಬು ಇಟ್ಟುಕೊಂಡು. ಜನ ನಕ್ಕರು, ಆದರೆ ಮುದ್ದೆಯಷ್ಟಲ್ಲ.

ಆ ಮಗು ಎದುರಿನ ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತಿತ್ತು. ನಗು ತಣ್ಣಗಾದ ಮೇಲೆ ಮೂಗು ಹಿಡಿದುಕೊಂಡು ‘ಶೀ ಸೇಸ್ ನೋ’ ಅಂದಿತು. ತದ್ರೂಪು ನಾನೇ. ಜಗಲಿ ಬಿದ್ದು ಬಿದ್ದು ನಕ್ಕಿತು.

‘ಅಂಗಂದ್ರೆ ಏನಣ್ಣ?’ ಅಂತ ಕೇಳಿತು.

‘ದೇವ್ರು ಒಳ್ಳೇದ್ ಮಾಡ್ಲಿ ಅಂತ ಕಣಮ್ಮಿ’ ಅಂದೆ.

ಮಗು ಮೂಗಿನಿಂದ ಕೈ ತೆಗೆದು, ಅವ್ವನ ಕಡೆ ತಿರುಗಿ, ಇನ್ನೊಂದು ಸಲ ನಿಧಾನವಾಗಿ ಅಂದಿತು. ಅವ್ವ ಕೈ ಮುಗಿದಳು.