ಸವಳು ನೆಲದಲ್ಲಿ ಒಂದು ಸಹಿ

ಕಡಲನ್ನು ಬಿಟ್ಟು ಇಡೀ ದಿನ ಬಸ್ಸಿನಲ್ಲಿ ಕೂತು ಬಂದವಳಿಗೆ ಮೊದಲು ಎದುರಾದದ್ದು ಉಪ್ಪು. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಭತ್ತ ಕೊಯ್ದ ಗದ್ದೆಯೊಂದು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕೂತು ಒಂದು ಚಿಟಿಕೆ ನಾಲಿಗೆಗೆ ಇಟ್ಟೆ. ಅಂಕೋಲೆಯವಳಾದ ನನಗೆ ಆ ರುಚಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಮ್ಮ ಕಡಲಂಚಿನ ಗಜನಿ ಗದ್ದೆಗೆ ಉಪ್ಪು ಉಬ್ಬರದ ಜೊತೆ ಬರುತ್ತದೆ. ಇಲ್ಲಿ ಅದು ನೆಲದೊಳಗಿಂದಲೇ ಎದ್ದು ಬಂದಿತ್ತು.

“ಏನ್ ತಿನ್ನಾಕ ಹತ್ತೀಯವ್ವ ತಂಗಿ? ಅದು ಸವಳು,” ಎಂದರು ಗದ್ದೆಯ ಯಜಮಾನ ಹನುಮಂತಪ್ಪ, ಬದುವಿನ ಮೇಲೆ ನಿಂತು ನಗುತ್ತ.

ಸವಳು ಎಂದರೆ ಕಾಲುವೆಯ ನೀರು ಹೆಚ್ಚಾಗಿ, ಬಸಿದುಹೋಗಲು ದಾರಿಯಿಲ್ಲದೆ, ಬಿಸಿಲಿಗೆ ಆರಿದಾಗ ಮೇಲೆ ಉಳಿಯುವ ಉಪ್ಪು. ಬೇಸಾಯಕ್ಕೆ ನೀರಿಲ್ಲದ್ದೇ ಬಡತನ ಎಂದುಕೊಂಡು ಬೆಳೆದವಳು ನಾನು. ನೀರು ಹೆಚ್ಚಾಗಿಯೂ ಮನುಷ್ಯ ಬಡವನಾಗಬಹುದು ಎಂದು ತಿಳಿದದ್ದು ಇಲ್ಲಿ. ಇಳುವರಿ ಬಿದ್ದ ವರ್ಷ ರೈತ ಇನ್ನಷ್ಟು ಗೊಬ್ಬರ ತಂದು ಸುರಿಯುತ್ತಾನೆ. ಬೇಕಾಗಿರುವುದು ಗೊಬ್ಬರವಲ್ಲ, ಬಸಿಗಾಲುವೆ. ಯಾವ ಗದ್ದೆಗೆ ಯಾವುದು ಎಂದು ಹೇಳಬೇಕಾದರೆ ಮಣ್ಣನ್ನು ಪರೀಕ್ಷಿಸಬೇಕು, ಅದೂ ನಾಟಿಯ ಮೊದಲು. ಅದಕ್ಕಾಗಿ ಸರ್ಕಾರಿ ಯೋಜನೆಯೊಂದರ ಪರವಾಗಿ ಸಿರುಗುಪ್ಪದಲ್ಲಿ ಒಂದು ಪುಟ್ಟ ಪ್ರಯೋಗಾಲಯ ತೆರೆಯಲು ನಾನು ಬಂದಿದ್ದೆ.

ಮನೆ ಸಿಗುವುದೇ ಮೊದಲ ಪರೀಕ್ಷೆಯಾಯಿತು. ಮನೆಯೊಡತಿ ಗಂಗಮ್ಮನವರು ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ಸಂದರ್ಶನ ಮಾಡಿದರು. ಮದುವೆ ಯಾಕೆ ಆಗಿಲ್ಲ ಎಂಬಲ್ಲಿಂದ ಶುರುವಾಗಿ ನನ್ನ ಜಡೆಯ ಗಿಡ್ಡತನದವರೆಗೆ ಬಂದರು. ಕೊನೆಗೆ, “ನಿಮ್ಮ ಕಡಿಯವ್ರು ಮೀನಾ ತಿಂತಾರಂತ. ಇಲ್ಲಿ ಅದೊಂದು ಬ್ಯಾಡ್ರಿ ಮತ್ತ,” ಎಂದರು. ಒಪ್ಪಿಕೊಂಡೆ. ಬಂಗಡೆ ಸಾರಿನ ನೆನಪಾಗಿ ಊಟ ಸೇರದ ದಿನಗಳಿದ್ದವು, ಸುಳ್ಳು ಯಾಕೆ ಹೇಳಲಿ. ಒಬ್ಬಳೇ ಕೂತು ಉಣ್ಣುವಾಗ ಅಳುವೂ ಬರುತ್ತಿತ್ತು. ಆದರೆ ಬೆಳಗಿನ ಒಗ್ಗರಣಿ-ಮಿರ್ಚಿ, ಅಂದರೆ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು ಮೇಲೆ ಮೆಣಸಿನಕಾಯಿ ಬಜ್ಜಿ ಇಟ್ಟ ತಿಂಡಿ, ಮೆಲ್ಲನೆ ನನ್ನನ್ನು ಸೋಲಿಸಿತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಜರಡಿ, ಬಕೆಟ್ಟು, ಬಾಟಲಿ ಕೊಳ್ಳುವಾಗ ಅಂಗಡಿಯವರು ತೆಲುಗಿನಲ್ಲಿ ಬೆಲೆ ಹೇಳಿದರೆ ನಾನು ತೆಲುಗಿನಲ್ಲೇ ಚೌಕಾಶಿ ಮಾಡುವಷ್ಟಾದ ದಿನ, ಯಾರೂ ಸನ್ಮಾನ ಮಾಡದಿದ್ದರೂ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಶಿವಲೀಲಾ ಸಿಕ್ಕಿದ್ದು ಆ ದಿನಗಳಲ್ಲಿ. ತೆಕ್ಕಲಕೋಟೆಯವಳು. ಬಳ್ಳಾರಿಯಲ್ಲಿ ರಸಾಯನಶಾಸ್ತ್ರ ಓದಿ, ಕೆಲಸ ಸಿಗದೆ ಅಣ್ಣನ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದಳು. ಉಪ್ಪಿನಂಶ ಅಳೆಯುವ ಯಂತ್ರವನ್ನು ಅವಳ ಕೈಗೆ ಕೊಟ್ಟೆ. ಕಲಿತಳು, ತಪ್ಪಿದಳು, ಮತ್ತೆ ಕಲಿತಳು. ವರ್ಷ ಕಳೆಯುವಷ್ಟರಲ್ಲಿ ನನ್ನ ಲೆಕ್ಕದ ತಪ್ಪು ತೋರಿಸುವಷ್ಟು ಧೈರ್ಯವೂ ಬಂತು. ಆದರೆ ವರದಿಗೆ ಸಹಿ ಮಾತ್ರ ನನ್ನದೇ ಆಗಬೇಕಿತ್ತು. ಅದನ್ನೂ ಅವಳಿಗೇ ಕೊಡಿ ಎಂದು ರಾಜಧಾನಿಯಲ್ಲಿದ್ದ ನಮ್ಮ ಯೋಜನೆಯ ಮುಖ್ಯಸ್ಥರನ್ನು ಕೇಳಿದೆ.

“ಅಲ್ಲಿಯವರು ಮಣ್ಣು ತುಂಬಿ ಕಳಿಸಿದರೆ ಸಾಕಮ್ಮ. ವಿಜ್ಞಾನ ನಾವು ಇಲ್ಲಿ ಮಾಡ್ತೀವಿ,” ಎಂದರು ಅವರು.

ಮೈ ಉರಿದುಹೋಯಿತು. ಶ್ರೀಮಂತ ದೇಶದವರು ನಮ್ಮ ಮಣ್ಣು ಒಯ್ದು ಅಲ್ಲಿ ಕೂತು ಪ್ರಬಂಧ ಬರೆಯುತ್ತಾರೆ, ನಮ್ಮನ್ನು ಕೂಲಿಯಾಳುಗಳಂತೆ ನೋಡುತ್ತಾರೆ ಎಂದು ಸಭೆ ಸಭೆಯಲ್ಲಿ ದೂರುವವರು ಇವರೇ. ತಮ್ಮ ಸರದಿ ಬಂದಾಗ ಸಿರುಗುಪ್ಪಕ್ಕೆ ಮಾಡುವುದೂ ಅದನ್ನೇ. ಬಡವರ ಕೈಗೆ ಅಕ್ಕಿ ಕೊಡಲು ಎಲ್ಲರೂ ಸಿದ್ಧ, ಅಳತೆ ಮಾಡುವ ಯಂತ್ರ ಕೊಡಲು ಯಾರೂ ಇಲ್ಲ.

ಅಷ್ಟರಲ್ಲಿ ದೇಶನೂರಿನಿಂದ ಮಣ್ಣು ಬಂತು. ಪ್ರತಿ ಮನೆಯವರೂ ತಾವೇ ತೆಗೆದು, ಚೀಲದಲ್ಲಿ ಕಟ್ಟಿ ಕಳಿಸಿದ್ದರು. ಶಿವಲೀಲಾ ಅಳೆದಳು. ಒಂದರಲ್ಲೂ ಸವಳಿಲ್ಲ. ಬೆಳ್ಳಗಿನ ಗದ್ದೆ ನೆನಪಿದ್ದರೂ ಅಳತೆಯಲ್ಲಿ ಬಂದದ್ದಕ್ಕೇ ಸಹಿ ಹಾಕಿದೆ, ಎಲ್ಲವೂ ಒಳ್ಳೆಯ ಮಣ್ಣು ಎಂದು ವರದಿ ಹೋಯಿತು. ಬೆಳ್ಳಗಿದ್ದ ಗದ್ದೆಗಳ ಚಿತ್ರವನ್ನು ಮೊದಲೇ ನೋಡಿದ್ದ ಮುಖ್ಯಸ್ಥರು ಕೂಡಲೇ ಫೋನ್ ಮಾಡಿದರು. ಆ ಹುಡುಗಿಗೆ ಯಂತ್ರ ಹಿಡಿಯಲು ಬರುವುದಿಲ್ಲ, ತಿಂಗಳ ಕೊನೆಗೆ ಅದನ್ನು ವಾಪಸು ತರಿಸಿಕೊಳ್ಳುತ್ತೇವೆ ಎಂದರು.

ಶಿವಲೀಲಾ ಅಳಲಿಲ್ಲ. ತಾನೇ ಉಪ್ಪು ತೂಗಿ ನೀರಿಗೆ ಬೆರೆಸಿ, ಆ ನೀರನ್ನು ಯಂತ್ರಕ್ಕೆ ಹಿಡಿದಳು. ಯಂತ್ರ ಸರಿಯಾಗಿಯೇ ಇತ್ತು. “ಮೇಡಂ, ಅಳತಿ ಖರೇ ಐತಿ. ಮಣ್ಣಿನ್ಯಾಗ ಏನೋ ಆಗೇತಿ. ಹೋಗೂಣ ನಡ್ರಿ,” ಎಂದಳು. ಇಬ್ಬರೂ ದೇಶನೂರಿನ ಬಸ್ಸು ಹತ್ತಿದೆವು.

ಹನುಮಂತಪ್ಪನವರು ಮಣ್ಣು ತೆಗೆದ ಜಾಗ ತೋರಿಸಿದರು. ಗದ್ದೆಯ ಎತ್ತರದ ಮೂಲೆ, ನೀರು ನಿಲ್ಲದ ಜಾಗ. ಅಲ್ಲಿ ಐದು ಕಲ್ಲುಗಳಿದ್ದವು, ಕುಂಕುಮ ಇನ್ನೂ ಮಾಸಿರಲಿಲ್ಲ. ಎಳ್ಳ ಅಮಾವಾಸ್ಯೆಯಂದು ಭೂಮಿತಾಯಿಗೆ ಪೂಜೆ ಮಾಡಿ, ಗದ್ದೆಯ ತುಂಬ ಎಡೆ ಚೆಲ್ಲಿ ಚರಗ ಹಾಕುವಾಗ ಅವರು ಕೈಮುಗಿದು ನಿಲ್ಲುವ ಮೂಲೆ ಅದು.

“ಇಲ್ಲಿಂದ ಯಾಕ ತೆಗದ್ರಿ ಕಾಕಾ?” ಎಂದಳು ಶಿವಲೀಲಾ.

“ಮತ್ತ? ಪರೀಕ್ಷಿಗೆ ಹೊಂಟ ಮಣ್ಣು. ಸರ್ಕಾರದವ್ರು ನೋಡ್ತಾರ. ಹೊಲಸು ಮಣ್ಣು ಕಟ್ಟಿ ಕಳಸಿದ್ರ ತಾಯಿ ಮರ್ವಾದಿ ಏನಾಗಬೇಕು? ಕಲ್ಲು ಕಸ ಆರಿಸಿ, ಕೈಕಾಲು ತೊಳಕೊಂಡು ತೆಗದೀವಿ.”

ಊರಿಗೆ ಊರೇ ಹಾಗೆ ಮಾಡಿತ್ತು. ವಧುಪರೀಕ್ಷೆಗೆ ಮಗಳನ್ನು ಸಿಂಗರಿಸಿದಂತೆ ಮಣ್ಣನ್ನು ಸಿಂಗರಿಸಿ ಕಳಿಸಿದ್ದರು. ನನಗೆ ನಗು ಬಂತು. ಶಿವಲೀಲಾ ಮಾತ್ರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಳು.

“ಕಾಕಾ, ದವಾಖಾನಿಗೆ ಹೋದ್ರ ನೋವು ಇಲ್ಲದ ಕೈ ತೋರಸ್ತೀರೇನು? ತಾಯಿಗೆ ಜಡ್ಡಾಗೇತಿ. ಎಲ್ಲಿ ಜಡ್ಡೈತಿ ಅಲ್ಲಿ ತೋರಸ್ರಿ.”

ಹನುಮಂತಪ್ಪನವರು ಸಲಿಕೆ ಎತ್ತಿಕೊಂಡು ಬೆಳ್ಳಗಿನ ನಡುಗದ್ದೆಗೆ ಇಳಿದರು. ಸಂಜೆಯೊಳಗೆ ಎಲ್ಲ ಮನೆಯವರೂ ಇಳಿದಿದ್ದರು. ಈ ಸಲದ ಅಳತೆಯಲ್ಲಿ ಸವಳು ಎದ್ದು ಕಂಡಿತು. ಎಲ್ಲಿ ಬಸಿಗಾಲುವೆ ತೋಡಬೇಕೆಂಬುದು ನಾಟಿಗೆ ಮೊದಲೇ ಗೊತ್ತಾಯಿತು.

ನಾನು ಮುಖ್ಯಸ್ಥರಿಗೆ ಫೋನ್ ಮಾಡಿದೆ. “ಸರ್, ಆ ಮೊದಲಿನ ಚೀಲಗಳು ನಿಮ್ಮಲ್ಲಿಗೆ ಬಂದಿದ್ದರೆ ನೀವೂ ಒಳ್ಳೆಯ ಮಣ್ಣು ಅಂತಲೇ ಬರೀತಿದ್ರಿ. ಬರೆದು ಫೈಲು ಮುಚ್ತಿದ್ರಿ. ದೇಶನೂರಿನ ಬಸ್ಸು ಯಾರು ಹತ್ತುತ್ತಿದ್ರು? ಯಂತ್ರ ಒಯ್ಯಬೇಕಂದ್ರೆ ಬನ್ನಿ. ಬಾಗಿಲಲ್ಲಿ ನಾನು ನಿಂತಿರ್ತೀನಿ.”

ಅವರು ಎರಡೂ ಸಲದ ಅಳತೆಗಳನ್ನು ನನ್ನಿಂದ ಓದಿಸಿ ಕೇಳಿದರು. ಕೊನೆಗೆ, “ಸರಿ, ಅವಳೇ ಸಹಿ ಮಾಡಲಿ. ಆದರೆ ಹಾಗಾದ್ರೆ ಅಲ್ಲಿ ನಿಮ್ಮ ಅಗತ್ಯ ಏನಮ್ಮ?” ಎಂದರು.

ಮುಂದಿನ ದಾರಿಯನ್ನೂ ಅವರೇ ತೋರಿಸಿದರು. ಕಾರವಾರದಲ್ಲಿ ಒಂದು ಹುದ್ದೆ ಇದೆ, ಊರಿಗೆ ಹತ್ತಿರ, ಹೋಗಿ ಎಂದರು. ಅಕ್ಕನೂ ಬಾ ಎಂದು ಕರೆದಳು. ಬಂಗಡೆ, ಕಡಲು, ನಮ್ಮ ಮಾತು, ಎಲ್ಲ ಅಲ್ಲಿತ್ತು. ಆದರೂ ಕಾಲುವೆ ನೀರು ಮುಟ್ಟುವ ಕುರುಗೋಡಿನ ಕಡೆ ಪ್ರಯೋಗಾಲಯವೇ ಇಲ್ಲ, ಅಲ್ಲಿಗೆ ಹೋಗುತ್ತೇನೆ ಎಂದು ಹಟ ಹಿಡಿದೆ. ಗಂಗಮ್ಮನವರು ಗಂಟುಮೂಟೆ ಕಟ್ಟಿಕೊಡುತ್ತ, “ಇಲ್ಲೇ ಇರಬಾರದೇನ್ರಿ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಇರಬಹುದಿತ್ತು. ಮನಸ್ಸೂ ಇತ್ತು. ಈಗ ಕುರುಗೋಡಿನ ಬಂಡೆಗುಡ್ಡಗಳ ಬುಡದಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿದ್ದೇನೆ. ಇಲ್ಲಿಯವರು ನನ್ನನ್ನು ಸಿರುಗುಪ್ಪದ ಮೇಡಂ ಎನ್ನುತ್ತಾರೆ. ಅಂಕೋಲೆಗೆ ಹೋದರೆ ನೀನು ಪೂರ್ತಿ ಬಳ್ಳಾರಿಯವಳಾದೆ ಎಂದು ನಗುತ್ತಾರೆ.

ಕಳೆದ ವಾರ ಕುರುಗೋಡಿನ ಮಣ್ಣು ಹಿಡಿದು ಸಿರುಗುಪ್ಪಕ್ಕೆ ಹೋಗಿದ್ದೆ. ನನ್ನ ಹೊಸ ಯಂತ್ರ ಇನ್ನೂ ಬಂದಿಲ್ಲ. ಪ್ರಯೋಗಾಲಯದ ಮುಂದಿನ ಬೆಂಚಿನಲ್ಲಿ ರೈತರು ಕೂತಿದ್ದರು. ಅಭ್ಯಾಸಬಲದಿಂದ ನೇರ ಒಳಗೆ ನುಗ್ಗಿದೆ.

ಶಿವಲೀಲಾ ಚೀಲ ಇಸಿದುಕೊಂಡಳು. ಅವಳ ಪಕ್ಕದಲ್ಲಿ ಒಬ್ಬ ಹೊಸ ಹುಡುಗಿ ಅಳತೆ ಕಲಿಯುತ್ತಿದ್ದಳು. “ಮೇಡಂ, ಸಿಟ್ಟಾಗಬ್ಯಾಡ್ರಿ. ನಡುವ ನಿಂತ್ರ ಕೆಲಸ ಕೆಡತೈತಿ,” ಎಂದಳು ಶಿವಲೀಲಾ. “ಹೊರಗ ಕುಂದರ್ರಿ. ಪಾಳಿ ಬಂದಾಗ ಕರೀತೀನಿ.”

ಹೊರಗೆ ಬಂದೆ, ಹಿಂದೆ ಬಾಗಿಲು ಮುಚ್ಚಿಕೊಂಡಿತು. ನೋವಾಯಿತು, ಇಲ್ಲ ಎನ್ನಲಾರೆ. ಬೆಂಚಿನ ಮೇಲಿದ್ದ ಒಬ್ಬಾಕೆ ಸರಿದು ಜಾಗ ಕೊಟ್ಟಳು. ಅವರ ಸಾಲಿನಲ್ಲಿ ನಾನೂ ಕೂತೆ, ಆ ಕೋಣೆಯಲ್ಲಿ ನನ್ನ ಅಗತ್ಯವಿಲ್ಲ ಎಂದು ಯಾರಾದರೂ ಹೇಳಲು ಬಂದರೆ ಹೌದು ಎಂದು ತಲೆಯೆತ್ತಿ ಹೇಳಲು.