ಚಮನಸಾಬರ ಹೆಬ್ಬೆರಳ ಉಗುರು

೧೯೭೪ರಲ್ಲಿ ವಿಜಾಪುರದ ಅಥಣಿ ರಸ್ತೆಯಲ್ಲಿ ಚಮನಸಾಬರ ತಗಡಿನ ಶೆಡ್ಡು ಇತ್ತು. ಕನಮಡಿಯಿಂದ ಕಾಲೇಜಿಗೆ ಬಂದ ನಾನು ಅದರ ಹಿಂದಿನ ಕೋಣೆಯಲ್ಲಿದ್ದೆ.

ಹಳೆಯ ಕಾರುಗಳ ಆಯಿಲ್ ಸೀಲು ತೆಗೆಯುವುದರಲ್ಲಿ ಅವರದು ಹೆಸರಾದ ಕೈ. ಆಕ್ಸಲ್ ಸುತ್ತ ಕೂತು, ಒಳಗಿನ ಎಣ್ಣೆ ಬ್ರೇಕಿಗೆ ಹರಿಯದಂತೆ ತಡೆಯುವ ಬಳೆ ಅದು. ಅದಕ್ಕೆ ಅವರು ಉಳಿ ತಾಕಿಸುತ್ತಿರಲಿಲ್ಲ. ಜಾಲಿ ಕಟ್ಟಿಗೆಯ ಬೆಣೆ ಇಟ್ಟು ಸುತ್ತಲೂ ಮೆಲ್ಲಗೆ ಬಡಿದು ಎಬ್ಬಿಸುತ್ತಿದ್ದರು, ಅರ್ಧ ದಿನ ಹಿಡಿದರೂ ಸರಿ. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳ ಉಗುರನ್ನು ಆಕ್ಸಲ್ ಮೇಲೆ ಎಳೆಯುವರು. ಕೂದಲಷ್ಟು ಗೀರಿದ್ದರೂ ಎಣ್ಣೆ ಸೋರುತ್ತದೆ; ಉಗುರು ಎಲ್ಲೂ ತಡೆಯದಿದ್ದರೆ ಮಾತ್ರ ಹೊಸ ಸೀಲು. ತಾವೇ ತಿಕೋಟಾದವರೆಗೆ ಓಡಿಸಿ ನೋಡದೆ ಗಾಡಿ ಕೊಟ್ಟವರಲ್ಲ.

ಬೇಸಗೆಯ ಒಂದು ಮಧ್ಯಾಹ್ನ ತಿಕೋಟಾದ ಬಸಗೊಂಡಪ್ಪನವರ ಕರಿ ಕಾರು ಶೆಡ್ಡಿನಲ್ಲಿತ್ತು. ಬಬಲೇಶ್ವರದಲ್ಲಿ ಗಂಡನ ಮನೆಯಲ್ಲಿದ್ದ ಅವರ ಮಗಳು ಗುರುಬಸವ್ವಳಿಗೆ ಹೆರಿಗೆ ಕಷ್ಟವಾಗಿದೆ, ವಿಜಾಪುರದ ದವಾಖಾನೆಗೆ ತರಬೇಕು ಎಂದು ಸುದ್ದಿ ಬಂತು. ಬಸಗೊಂಡಪ್ಪ ಶೆಡ್ಡಿಗೆ ಬಂದು ಚಮನಸಾಬರ ತಲೆಯ ಮೇಲೆ ನಿಂತರು.

"ಏನೋ ಚಮನಸಾಬ, ಸೀಲ ತಗೀಯಾಕತ್ತೀಯೋ, ಜ್ವಾಳಾ ಹಸನ ಮಾಡಾಕತ್ತೀಯೋ?"

"ತುಕ್ಕ ತಿಂದು ಕಚಗೊಂಡೈತ್ರಿ ಗೌಡ್ರ. ಬರವಲ್ದು."

"ಅಲ್ಲಿ ನನ್ನ ಮಗಳು ಒದ್ದಾಡಾಕತ್ತಾಳ. ಒಡದ ತಗೀ ಅತ್ಲಾಗ!"

ಚಮನಸಾಬರು ಬೆಣೆ ಕೆಳಗಿಟ್ಟರು. ಉಳಿ ತೆಗೆದುಕೊಂಡರು. ಮೂರನೆಯ ಏಟಿಗೆ ಉಳಿ ಆಕ್ಸಲ್ ಮೇಲೆ ಜಾರಿತು. ಸೀಲು ಚೂರಾಗಿ ಬಿತ್ತು. ಅವರು ಕಣ್ಣು ಮುಚ್ಚಿ ಉಗುರು ಎಳೆದರು. ಒಂದು ಕಡೆ ನಿಂತಿತು. ಮತ್ತೆ ಎಳೆದರು. ಅಲ್ಲೇ ನಿಂತಿತು.

ಪಾಲಿಶ್ ಕಾಗದದಿಂದ ಆ ಜಾಗ ತಿಕ್ಕಿ, ಹೊಸ ಸೀಲು ಕೂಡಿಸಿ, ಗಾಲಿ ಬಿಗಿದರು. "ಗಾಡಿ ನಾನ ಹೊಡೀತೇನ್ರಿ" ಎಂದಷ್ಟೇ ಹೇಳಿದರು. ಕೈಗಾಸರೆಗೆ ಇರಲೆಂದು ನನ್ನನ್ನೂ ಕರೆದರು.

ದಾರಿಯುದ್ದಕ್ಕೂ ಚಮನಸಾಬರು ಎತ್ತಿನ ಗಾಡಿಗಳನ್ನೂ ಹಿಂದೆ ಹಾಕದೆ ಕಾರು ನಡೆಸಿದರು.

"ಹೆಣಾ ಹೊತ್ತವರಂಗ ಹೊಂಟೀಯಲ್ಲೋ!" ಎಂದರು ಬಸಗೊಂಡಪ್ಪ. ಅಂದ ಮೇಲೆ ತಾವೇ ಬಾಯಿ ಮುಚ್ಚಿಕೊಂಡರು.

ಬಬಲೇಶ್ವರದ ಮುಂಚಿನ ಹಳ್ಳದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಕಾರಿನ ಹಿಂಭಾಗ ಒಂದು ಕಡೆ ಸರ್ರನೆ ಜಾರಿ, ಮತ್ತೆ ನೆಟ್ಟಗಾಯಿತು. ಧೂಳಿನ ದಾರಿ, ಅದಕ್ಕೇ ಜಾರಿತು ಎಂದುಕೊಂಡರು ಬಸಗೊಂಡಪ್ಪ. ಚಮನಸಾಬರ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಬೀಗರ ಮನೆಯ ಮುಂದೆ ಕಾರು ನಿಂತ ಕೂಡಲೇ ಅವರು ಹಿಂದಿನ ಗಾಲಿಯ ಬಳಿ ಬಗ್ಗಿದರು. ಟೈರಿನ ಒಳಮೈಯಲ್ಲಿ ಕಪ್ಪಗೆ ಒಂದು ಪಟ್ಟಿ, ಹಸಿ ಎಣ್ಣೆ. ಅಷ್ಟರಲ್ಲಿ ಇಬ್ಬರು ಹೆಂಗಸರು ಗುರುಬಸವ್ವಳನ್ನು ಹಿಡಿದು ತಂದರು. ಚಮನಸಾಬರು ಕಾರಿನ ಬಾಗಿಲಿಗೆ ಅಡ್ಡ ನಿಂತರು.

"ಇದರಾಗ ಹತ್ತಿಸಬ್ಯಾಡ್ರಿ. ಬ್ರೇಕಿಗೆ ಎಣ್ಣಿ ಇಳದೈತಿ. ನನ್ನ ಉಳಿ ಜಾರಿತ್ರಿ. ಶೆಡ್ಡಿನ್ಯಾಗ ಗೊತ್ತಾಗಿತ್ತು ನನಗ."

"ಗೊತ್ತಿದ್ದೂ ತಂದೀ ಲೇ?" ಬಸಗೊಂಡಪ್ಪ ಅವರ ಕೊರಳಪಟ್ಟಿ ಹಿಡಿದರು. ಮಗಳು ನರಳಿದಳು, ಅಪ್ಪನ ಕೈ ಸಡಿಲಾಯಿತು.

ಸಂತೆಯ ಬಯಲಿನಲ್ಲಿದ್ದ ಜೀಪೊಂದನ್ನು ನಾನು ಓಡಿ ಹೋಗಿ ಕರೆತಂದೆ. ಅದರ ಹಲಗೆಯ ಮೇಲೆ ಕೌದಿ ಹಾಸಿ, ಆಕೆಯನ್ನು ಮಲಗಿಸಿಕೊಂಡು ಬಸಗೊಂಡಪ್ಪ ವಿಜಾಪುರಕ್ಕೆ ಹೋದರು. ಚಮನಸಾಬರೂ ನಾನೂ ಕಾರಿನ ಬಳಿಯೇ ಉಳಿದೆವು. ವಿಜಾಪುರದ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ಅವರು ಎದ್ದು ನಿಲ್ಲುತ್ತಿದ್ದರು.

ಮರುದಿನ ಮುಂಜಾನೆ ಬಸಗೊಂಡಪ್ಪ ಬಂದರು. "ಇಬ್ಬರೂ ಉಳದಾರ" ಎಂದರು. ಅಷ್ಟರಲ್ಲಿ ಚಮನಸಾಬರು ಗಾಲಿ, ಸೀಲು ಎರಡನ್ನೂ ಬಿಚ್ಚಿದ್ದರು.

"ಎಲ್ಲೈತಿ ಅದು, ತೋರಸು."

ಚಮನಸಾಬರು ಅವರ ಬೆರಳು ಹಿಡಿದು ಆಕ್ಸಲ್ ಮೇಲೆ ಎಳೆದರು. ಉಗುರು ತಡೆಯಿತು.

"ಇಷ್ಟ ಏನೋ?"

"ಇಷ್ಟ ರೀ."

ಬಸಗೊಂಡಪ್ಪ ಅಲ್ಲೇ ಮಣ್ಣಿನಲ್ಲಿ ಕೂತರು. ತಮ್ಮ ಆ ಉಗುರನ್ನೇ ನೋಡುತ್ತಿದ್ದರು.